ಚಿಪ್‌ನಲ್ಲಿ ಲಾಭ, ರೂಪಾಯಿಯಲ್ಲಿ ನಷ್ಟ: ಕಲಬುರಗಿಯ ಒಬ್ಬ ಪೋಕರ್ ಆಟಗಾರನ ಪ್ರಕರಣ

ಹಿನ್ನೆಲೆ

ಈ ಪ್ರಕರಣದ ಆಟಗಾರರನ್ನು ಸಾಹುಕಾರ ಅಂತ ಕರೆಯೋಣ. ಕಲಬುರಗಿಯ ನೆಹರೂ ಗಂಜ್ ಮಾರುಕಟ್ಟೆಯಲ್ಲಿ ನಿಂತು ಆ ಹೆಸರು ಕೂಗಿದರೆ ಹತ್ತು ಜನ ತಿರುಗಿ ನೋಡುತ್ತಾರೆ. ಹಾಗಾಗಿ ಗುರುತು ಸಿಗುವ ಭಯವಿಲ್ಲ. ಮನೆಯವರದು ತೊಗರಿ ವ್ಯಾಪಾರ, ಜತೆಗೆ ಸಣ್ಣದೊಂದು ದಾಲ್ ಮಿಲ್. ಓದಿದ್ದು ಬಿ.ಕಾಂ, ಬಾಯಿಲೆಕ್ಕದಲ್ಲಿ ಚುರುಕು. ಕೆಲವು ವಿವರ ಬದಲಿಸಿದ್ದೇನೆ, ಚಿಪ್ (ಆಟದಲ್ಲಿ ಪಣಕ್ಕಿಡುವ ಬಿಲ್ಲೆ) ಮತ್ತು ದುಡ್ಡಿನ ಅಂಕಿಗಳನ್ನು ಸಾವಿರಕ್ಕೆ ಸರಿಮಾಡಿದ್ದೇನೆ. ನಿರ್ಧಾರಗಳು ಮಾತ್ರ ನಡೆದ ಹಾಗೆಯೇ ಇವೆ.

ಇಸ್ಪೀಟು ಅವರಿಗೆ ಹೊಸದೇನಲ್ಲ. ದೀಪಾವಳಿಗೆ ಅಂದರ್ ಬಾಹರ್, ಮದುವೆ ಮನೆಯಲ್ಲಿ ರಮ್ಮಿ, ಇವೆಲ್ಲ ನೋಡಿಕೊಂಡೇ ಬೆಳೆದವರು. ಪೋಕರ್ ಕಲಿತದ್ದು ಫೋನಿನಲ್ಲಿ. 2025ರ ಆಗಸ್ಟ್‌ನಲ್ಲಿ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾನೂನು ಬಂತು, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳು ಬಂದ್ ಆದವು. ಆಮೇಲೆ ಅವರ ಆಟ ಎರಡು ಕಡೆ ಹಂಚಿಹೋಯಿತು. ಒಂದು, ಸೇಡಂ ರಸ್ತೆ ಕಡೆಯ ಒಂದು ಮನೆಯ ಮಾಳಿಗೆ ಮೇಲೆ ಭಾನುವಾರ ಸಂಜೆ ಸೇರುವ ನಮ್ಮ ಗುಂಪು. ಇಲ್ಲಿ ದುಡ್ಡಿನ ಮಾತಿಲ್ಲ, ಬರೀ ಅಂಕ. ನಾನು ಆ ಗುಂಪಿನ ಅಂಕ ಬರೆದಿಡುವವನು, ಹಗಲಲ್ಲಿ ಕಾಲೇಜು ಹುಡುಗರಿಗೆ ಸಂಖ್ಯಾಶಾಸ್ತ್ರ ಹೇಳುವವನು. ಇನ್ನೊಂದು, ಗೋವಾ. ಜೇವರ್ಗಿ, ವಿಜಯಪುರ, ಬೆಳಗಾವಿ ದಾಟಿ ಚೋರ್ಲಾ ಘಾಟ್ ಇಳಿದರೆ ಪಣಜಿ. ಅಲ್ಲಿ ಕ್ಯಾಸಿನೊಗಳಲ್ಲಿ ಸಣ್ಣಪುಟ್ಟ ಪೋಕರ್ ಟೂರ್ನಮೆಂಟ್ ನಡೆಯುತ್ತವೆ.

ಸಾಹುಕಾರರ ಹೆಗ್ಗಳಿಕೆ ಅಂದರೆ ಇವಿ ಲೆಕ್ಕ, ಅಂದರೆ ನಿರೀಕ್ಷಿತ ಮೌಲ್ಯ. ಗೆಲ್ಲುವ ಸಾಧ್ಯತೆಯನ್ನು ಗೆದ್ದರೆ ಬರುವುದರಿಂದ ಗುಣಿಸು, ಸೋಲುವ ಸಾಧ್ಯತೆಯನ್ನು ಸೋತರೆ ಹೋಗುವುದರಿಂದ ಗುಣಿಸು, ಮೊದಲನೆಯದರಲ್ಲಿ ಎರಡನೆಯದು ಕಳೆ. ಉಳಿದದ್ದು ಪ್ಲಸ್ ಆದರೆ ಆಡು, ಮೈನಸ್ ಆದರೆ ಬಿಡು. ಒಂದು ಉದಾಹರಣೆ. ಈ ಪೋಕರ್‌ನಲ್ಲಿ ಒಬ್ಬೊಬ್ಬರ ಕೈಗೆ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ. ಕೈಯಲ್ಲಿ ಎರಡು ಆಟಿನ್, ಮೇಜಿನ ಮೇಲೆ ಬಿದ್ದ ನಾಲ್ಕು ಎಲೆಯಲ್ಲಿ ಇನ್ನೆರಡು ಆಟಿನ್. ಇನ್ನೊಂದು ಆಟಿನ್ ಬಂದರೆ ಐದಾಗುತ್ತದೆ, ಆ ಕೈ, ಅಂದರೆ ಆ ಸುತ್ತು, ನಮ್ಮದು. ನಾವು ಕಾಣದ ಎಲೆ 46, ಅದರಲ್ಲಿ ಆಟಿನ್ 9. ಪಾಟ್‌ನಲ್ಲಿ, ಅಂದರೆ ನಡುವೆ ಸೇರಿದ ಪಣದಲ್ಲಿ, 4,000 ಇದೆ, ಎದುರಿನವನು 1,000 ಕಟ್ಟಿದ. ಈಗ ನಾವು 1,000 ಹಾಕಿ 5,000ಕ್ಕೆ ಕೈ ಚಾಚಬಹುದು. 46 ಸಲ ಹೀಗೆ ಆಡಿದರೆ 9 ಸಲ 5,000 ಬರುತ್ತದೆ, 37 ಸಲ 1,000 ಹೋಗುತ್ತದೆ. ಸರಾಸರಿ ಒಂದು ಸಲಕ್ಕೆ 174 ಚಿಪ್ ಲಾಭ. ಅದೇ ಅವನು 4,000 ಕಟ್ಟಿದ್ದರೆ ಅದೇ ಎಲೆಗೆ ಸುಮಾರು 1,650 ಚಿಪ್ ನಷ್ಟ. ಎಲೆ ಬದಲಾಗಿಲ್ಲ, ಅದಕ್ಕೆ ಕೊಡಬೇಕಾದ ಬೆಲೆ ಬದಲಾಗಿದೆ. ಇದು ಸಾಹುಕಾರರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಗಂಜಿನಲ್ಲಿ ದಿನಾ ಮಾಡುವುದು ಅದನ್ನೇ ಅಲ್ವಾ.

ಆ ಕೈ

ತೊಗರಿ ಸೀಸನ್ ಶುರುವಾಗುವ ಮುಂಚೆ ಸಾಹುಕಾರ ಗೋವಾಕ್ಕೆ ಹೋದರು. 20 ಜನರ ಒಂದು ಸಣ್ಣ ಟೂರ್ನಮೆಂಟ್. ಪ್ರವೇಶ 11,000 ರೂ., ಅದರಲ್ಲಿ 10,000 ಬಹುಮಾನಕ್ಕೆ, 1,000 ಆಡಿಸುವವರಿಗೆ. ಒಬ್ಬೊಬ್ಬರಿಗೆ 10,000 ಚಿಪ್. ಒಟ್ಟು ಚಿಪ್ 2 ಲಕ್ಷ, ಒಟ್ಟು ಬಹುಮಾನವೂ 2 ಲಕ್ಷ ರೂ. ಮೊದಲನೆಯವರಿಗೆ 1,00,000, ಎರಡನೆಯವರಿಗೆ 60,000, ಮೂರನೆಯವರಿಗೆ 40,000. ನಾಲ್ಕನೆಯವರಿಗೆ ಏನೂ ಇಲ್ಲ.

ಈ ಅಂಕಿಗಳಲ್ಲೇ ಒಂದು ಬಲೆ ಇತ್ತು. 2 ಲಕ್ಷ ಚಿಪ್, 2 ಲಕ್ಷ ರೂಪಾಯಿ. ಹಾಗಾದರೆ ಒಂದು ಚಿಪ್ ಅಂದರೆ ಒಂದು ರೂಪಾಯಿ! ಆಟ ಶುರುವಾಗುವಾಗ ಅದು ನಿಜವೂ ಹೌದು. ಸಾಹುಕಾರರ ತಲೆಯಲ್ಲಿ ಅದು ಕೊನೆಯವರೆಗೂ ಹಾಗೇ ಉಳಿಯಿತು.

ರಾತ್ರಿ ಒಂದು ಗಂಟೆಯ ಹೊತ್ತಿಗೆ ನಾಲ್ಕು ಜನ ಉಳಿದರು. ಹೈದರಾಬಾದ್ ಕಡೆಯ ಒಬ್ಬ ವಯಸ್ಸಾದವರ ಮುಂದೆ 80,000 ಚಿಪ್. ಸಾಹುಕಾರರ ಮುಂದೆ 60,000. ಮೂರನೆಯವರದು 50,000. ನಾಲ್ಕನೆಯವನು ಒಬ್ಬ ಹುಡುಗ, ಅವನದು 10,000. ಸ್ಮಾಲ್ ಬ್ಲೈಂಡ್ 2,000, ಬಿಗ್ ಬ್ಲೈಂಡ್ 4,000. ಎಲೆ ನೋಡುವ ಮುಂಚೆಯೇ ಸರದಿಯಂತೆ ಕಟ್ಟಲೇಬೇಕಾದ ಚಿಪ್ ಇದು. ಮುಂದಿನ ಕೈಗೆ ಬಿಗ್ ಬ್ಲೈಂಡ್ ಆ ಹುಡುಗನದೇ. ಹತ್ತರಲ್ಲಿ ನಾಲ್ಕು ಹಾಗೇ ಹೋಗುತ್ತಿತ್ತು. ಅವನು ಹೆಚ್ಚು ಹೊತ್ತು ನಿಲ್ಲುವುದಿಲ್ಲ ಅಂತ ಮೇಜಿನಲ್ಲಿದ್ದ ಎಲ್ಲರಿಗೂ ಗೊತ್ತು.

ಹುಡುಗ ಎಲೆ ಬಿಟ್ಟ. ಮೂರನೆಯವರೂ ಬಿಟ್ಟರು. ಸ್ಮಾಲ್ ಬ್ಲೈಂಡ್‌ನಲ್ಲಿದ್ದ ಹೈದರಾಬಾದಿನವರು ತಮ್ಮ ಚಿಪ್ ಗೋಪುರಗಳನ್ನೆಲ್ಲ ಎರಡೂ ಕೈಯಿಂದ ಮುಂದೆ ತಳ್ಳಿದರು. ಆಲ್-ಇನ್. ಬಿಗ್ ಬ್ಲೈಂಡ್‌ನಲ್ಲಿ ಸಾಹುಕಾರ. ಎಲೆ ಎತ್ತಿ ನೋಡಿದರೆ ಇಸ್ಪೀಟ್ ಎಕ್ಕ, ಆಟಿನ್ ಗುಲಾಮ.

ಅವರು ಮಾಡಿದ ಲೆಕ್ಕ ಇದು. ಆಗಲೇ 4,000 ಕಟ್ಟಾಗಿದೆ, ಕೈಯಲ್ಲಿ 56,000. ಎದುರಿನವರಲ್ಲಿ 80,000 ಇದ್ದರೂ ಸಾಹುಕಾರರ 60,000ದಷ್ಟೇ ಲೆಕ್ಕಕ್ಕೆ, ಹಾಗಾಗಿ ಅದನ್ನು ಹಾಕಿದರೆ ಪಾಟ್ ಒಟ್ಟು 1,20,000. 56ನ್ನು 120ರಿಂದ ಭಾಗಿಸಿದರೆ ಶೇ 47ರ ಒಳಗೆ. ಅಂದರೆ ನೂರಕ್ಕೆ 47 ಸಲ ಗೆದ್ದರೆ ಸಾಕು, ಕಾಲ್, ಅಂದರೆ ಎದುರಿನವರ ಪಣಕ್ಕೆ ಸಮನಾಗಿ ಹಾಕುವುದು, ಲಾಭದ್ದು. ಈ ಯಜಮಾನರು ಒಂದು ಗಂಟೆಯಿಂದ ಸಿಕ್ಕಿದ್ದಕ್ಕೆಲ್ಲ ತಳ್ಳುತ್ತಿದ್ದಾರೆ. ಎಲೆ ನೋಡದೇ ತಳ್ಳಿದ್ದಾರೆ ಅಂತಲೇ ಹಿಡಿದರೆ ಎಕ್ಕ-ಗುಲಾಮಕ್ಕೆ ಗೆಲ್ಲುವ ಪಾಲು ಸುಮಾರು ಶೇ 64. 47 ಬೇಕು, 64 ಇದೆ. ಇನ್ನೇನು ಯೋಚನೆ?

ಕಾಲ್ ಮಾಡಿದರು. ಯಜಮಾನರು ತಿರುಗಿಸಿದ್ದು ಕಳಾವರ್ ರಾಜ, ಡೈಮಂಡ್ ಏಳು. ಮೇಜಿನ ನಾಲ್ಕನೇ ಎಲೆ ಎಕ್ಕ ಬಿತ್ತು. ಸಾಹುಕಾರ ಗೆದ್ದರು. ಒಂದು ಗಂಟೆಯಲ್ಲಿ ಟೂರ್ನಮೆಂಟನ್ನೂ ಗೆದ್ದರು. 1,00,000 ರೂ. ಮೊದಲ ಬಹುಮಾನ.

ಈ ಪ್ರಕರಣದ ತೊಂದರೆ ಶುರುವಾಗುವುದು ಇಲ್ಲಿಂದ.

ಗೆದ್ದ ಮೇಲೆ

ಕಲಬುರಗಿಗೆ ಬಂದ ಭಾನುವಾರ ಮಾಳಿಗೆ ಮೇಲೆ ಎಲ್ಲರಿಗೂ ತಹರಿ ತರಿಸಿದರು. ಆ ಕೈಯನ್ನು ಎಷ್ಟು ಸಲ ಹೇಳಿದರೋ. "47 ಬೇಕಿತ್ತು, 64 ಇತ್ತು" ಅನ್ನುವುದು ಗುಂಪಿನಲ್ಲಿ ಗಾದೆಯೇ ಆಯಿತು. ಹೊಸ ಹುಡುಗರು ಅದನ್ನೇ ಕಲಿತರು.

ಸೀಸನ್ ಮುಗಿಯುತ್ತಲೇ ಮತ್ತೆ ಗೋವಾ, ಮತ್ತೆ ಗೋವಾ. ಅದೇ ಅಳತೆಯ ಟೂರ್ನಮೆಂಟುಗಳು. ಶುರುವಿನಲ್ಲಿ ಚೆನ್ನಾಗಿ ಆಡುತ್ತಿದ್ದರು, ಐದಾರು ಜನ ಉಳಿಯುವವರೆಗೂ ನಿಲ್ಲುತ್ತಿದ್ದರು. ಬಹುಮಾನಕ್ಕೆ ಒಂದೋ ಎರಡೋ ಸ್ಥಾನ ಇರುವಾಗ ಹೊರಗೆ. ಪ್ರತಿ ಸಲವೂ ಅದೇ ಕಥೆ: ಯಾರೋ ದೊಡ್ಡ ಗುಡ್ಡೆಯವರು ತಳ್ಳಿದರು, ನನಗೆ ಬೇಕಾದಷ್ಟು ಪಾಲು ಇತ್ತು, ಕಾಲ್ ಮಾಡಿದೆ, ಎಲೆ ಬರಲಿಲ್ಲ. ನಸೀಬು ಖೋಟಾ ಅಂದುಕೊಂಡರು.

ನಸೀಬಿನ ಮಾತನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. 20 ಜನರಲ್ಲಿ 3 ಜನರಿಗೆ ಬಹುಮಾನ ಅಂದರೆ ಸರಾಸರಿ ಆಟಗಾರ 20ಕ್ಕೆ 17 ಸಲ ಬರಿಗೈಯಲ್ಲಿ ಏಳುತ್ತಾನೆ. ಸತತ ಐದು ಟೂರ್ನಮೆಂಟಿನಲ್ಲಿ ಬರಿಗೈ ಆಗುವ ಸಾಧ್ಯತೆಯೇ ಶೇ 44. ಐದು ಸೋಲು ನೋಡಿ ಆಟ ಕೆಟ್ಟಿದೆ ಅನ್ನುವುದೂ ತಪ್ಪು, ಒಂದು ಗೆಲುವು ನೋಡಿ ಆಟ ಸರಿಯಿದೆ ಅನ್ನುವುದೂ ತಪ್ಪು. ಸಾಹುಕಾರರು ಮೊದಲನೆಯದನ್ನು ಮಾಡಲಿಲ್ಲ. ಎರಡನೆಯದನ್ನು ಮಾಡಿ ಕೂತಿದ್ದರು.

ಅವರು ಮೊದಲು ಕಂಡುಕೊಂಡ ದಾರಿ ಒಂದು ನೋಟ್‌ಬುಕ್. ಅಂಗಡಿಯ ಖಾತೆ ಪುಸ್ತಕದಂತದ್ದೇ ಕೆಂಪು ರಟ್ಟಿನ ಉದ್ದ ಪುಸ್ತಕ. ಎಡಗಡೆ ಎಲೆ, ನಡುವೆ ಬೇಕಾದ ಶೇಕಡಾ ಮತ್ತು ಇದ್ದ ಶೇಕಡಾ, ಬಲಗಡೆ ಗೆದ್ದೆ ಅಥವಾ ಸೋತೆ. ಗೆದ್ದ ಕೈಗೆ ಹಸಿರು ಟಿಕ್. ಎಕ್ಕ-ಗುಲಾಮದ ಮುಂದೆ ಎರಡು ಟಿಕ್ ಇದ್ದವು.

ಪುಸ್ತಕ ನನ್ನ ಕೈಗೆ ಕೊಟ್ಟು, "ಲೆಕ್ಕದಾಗ ಎಲ್ಲಿ ತಪ್ಪಿದೆ ನೋಡ್ರಿ" ಅಂದರು. ಗುಣಾಕಾರ, ಭಾಗಾಕಾರ ಒಂದೂ ತಪ್ಪಿರಲಿಲ್ಲ. ನಾನು ಬಲಗಡೆಯ ಕಾಲಂ ಮೇಲೆ ಒಂದು ಹಾಳೆ ಮುಚ್ಚಿ, ಎಲ್ಲ ಕೈಗಳನ್ನೂ ಗೆದ್ದದ್ದು ಸೋತದ್ದು ಗೊತ್ತಿಲ್ಲದ ಹಾಗೆ ಮತ್ತೆ ಓದಿಸಿದೆ. ಜತೆಗೆ ಒಂದೊಂದು ಕೈಗೂ ಒಂದೇ ಪ್ರಶ್ನೆ ಕೇಳಿದೆ: ಆಗ ಎಷ್ಟು ಜನ ಉಳಿದಿದ್ದರು, ಯಾರ ಮುಂದೆ ಎಷ್ಟಿತ್ತು? ಪುಸ್ತಕದಲ್ಲಿ ಅದಕ್ಕೆ ಕಾಲಮ್ಮೇ ಇರಲಿಲ್ಲ. ಎಕ್ಕ-ಗುಲಾಮದ ಕೈ ಮಾತ್ರ ಅವರಿಗೆ ಪೂರ್ತಿ ನೆನಪಿತ್ತು, ಅಷ್ಟು ಸಲ ಹೇಳಿದ್ದರಲ್ಲ. ಅದನ್ನೇ ಹಿಡಿದು ಕೂತೆವು.

ಮತ್ತೆ ಎಣಿಸಿದ್ದು

ಆಟ ಅರ್ಧಕ್ಕೆ ನಿಂತರೆ ಪಣವನ್ನು ಹೇಗೆ ಹಂಚಬೇಕು? ಈ ಪ್ರಶ್ನೆಗೆ 1654ರಲ್ಲಿ ಫ್ರಾನ್ಸಿನ ಗಣಿತಜ್ಞರಾದ ಪಾಸ್ಕಲ್ ಮತ್ತು ಫರ್ಮಾ ಪತ್ರ ಬರೆದುಕೊಂಡು ಉತ್ತರ ಹುಡುಕಿದರು. ಸಂಭವನೀಯತೆಯ ಗಣಿತ ಬೆಳೆದದ್ದು ಅಲ್ಲಿಂದಲೇ. ಟೂರ್ನಮೆಂಟ್ ಪೋಕರ್‌ನಲ್ಲಿ ಪ್ರತಿ ಕೈಗೂ ಕೇಳಬೇಕಾದ್ದು ಅದೇ ಪ್ರಶ್ನೆ: ಈಗಲೇ ಆಟ ನಿಲ್ಲಿಸಿ ಬಹುಮಾನದ ದುಡ್ಡನ್ನು ಹಂಚಿದರೆ ನನ್ನ ಪಾಲು ಎಷ್ಟು? ಇದಕ್ಕೆ ಬಳಸುವ ಮಾದರಿಗೆ ಐಸಿಎಂ (ಇಂಡಿಪೆಂಡೆಂಟ್ ಚಿಪ್ ಮಾಡೆಲ್) ಅಂತ ಹೆಸರು. ಲೆಕ್ಕದ ಬೇರು 1973ರಲ್ಲಿ ಹಾರ್ವಿಲ್ ಅನ್ನುವ ಸಂಖ್ಯಾಶಾಸ್ತ್ರಜ್ಞ ಕೊಟ್ಟ ಸೂತ್ರದಲ್ಲಿದೆ, ಪೋಕರ್‌ಗೆ ಅದನ್ನು ತಂದವರು ಮೇಸನ್ ಮಾಲ್ಮತ್. ಮೊದಲ ಸ್ಥಾನ ಸಿಗುವ ಸಾಧ್ಯತೆ ಅವರವರ ಚಿಪ್ ಪಾಲಿನಷ್ಟು ಅಂತ ಹಿಡಿಯುವುದು. ಮೊದಲ ಸ್ಥಾನದವರನ್ನು ತೆಗೆದು ಉಳಿದವರಲ್ಲಿ ಎರಡನೇ ಸ್ಥಾನಕ್ಕೆ ಅದೇ ರೀತಿ. ಆಮೇಲೆ ಮೂರನೆಯದಕ್ಕೆ. ನಾಲ್ಕು ಜನಕ್ಕೆ ಕೈಯಲ್ಲೇ ಮಾಡಬಹುದು. ಒಂದು ಸಂಜೆ ಹೋಗುತ್ತದೆ, ಅಷ್ಟೇ.

ಸಾಹುಕಾರ ಎಲೆ ಬಿಟ್ಟಿದ್ದರೆ ಅವರಲ್ಲಿ 56,000, ಯಜಮಾನರಲ್ಲಿ 84,000, ಉಳಿದವರದು ಹಾಗೇ. ಆಗ ಸಾಹುಕಾರರ ಪಾಲು ಸುಮಾರು 59,250 ರೂ. ಚಿಪ್‌ಗಿಂತ ಜಾಸ್ತಿ! ಯಾಕೆ ಅಂದರೆ ಅವರು ನಾಲ್ಕನೆಯವರಾಗಿ ಹೋಗುವ ಸಾಧ್ಯತೆ ಶೇ 10ಕ್ಕಿಂತ ಕಡಿಮೆ. 40,000 ಹೆಚ್ಚುಕಡಿಮೆ ಜೇಬಿನಲ್ಲೇ ಇದೆ.

ಕಾಲ್ ಮಾಡಿ ಗೆದ್ದರೆ 1,20,000 ಚಿಪ್. ಪಾಲು ಸುಮಾರು 81,480 ರೂ. ಚಿಪ್ ಎರಡು ಪಟ್ಟಿಗಿಂತ ಜಾಸ್ತಿ ಆಯಿತು, ದುಡ್ಡು ಹೆಚ್ಚಿದ್ದು 22 ಸಾವಿರ ಮಾತ್ರ. ಎಲ್ಲ ಚಿಪ್ ಬಾಚಿದರೂ ಸಿಗುವುದು ಮೊದಲ ಬಹುಮಾನ 1,00,000 ತಾನೇ. 2 ಲಕ್ಷ ಚಿಪ್ ಇದ್ದವರಿಗೂ 2 ಲಕ್ಷ ರೂಪಾಯಿ ಯಾರೂ ಕೊಡುವುದಿಲ್ಲ. ಕಾಲ್ ಮಾಡಿ ಸೋತರೆ? ಸೊನ್ನೆ. ಕೈಯಲ್ಲಿದ್ದ 59 ಸಾವಿರ ಹೋಯಿತು.

ಅಂದರೆ 22 ಸಾವಿರಕ್ಕಾಗಿ 59 ಸಾವಿರ ಪಣ. ಸರಿದೂಗಬೇಕಾದರೆ ಶೇ 73ರಷ್ಟು ಗೆಲ್ಲಬೇಕು. 47 ಅಲ್ಲ. ಸಾಹುಕಾರರ ಬಳಿ ಇದ್ದದ್ದು 64, ಅದೂ ಯಜಮಾನರು ಎಲೆ ನೋಡದೇ ತಳ್ಳಿದ್ದಾರೆ ಅಂತ ಹಿಡಿದರೆ. ಅದೇ ಕಾಲ್ ಚಿಪ್‌ನಲ್ಲಿ ಎಣಿಸಿದರೆ ಸರಾಸರಿ 20,800 ಲಾಭ. ರೂಪಾಯಿಯಲ್ಲಿ ಎಣಿಸಿದರೆ ಸರಾಸರಿ 7,100 ನಷ್ಟ. ಯಜಮಾನರು ಸ್ವಲ್ಪ ಎಲೆ ನೋಡಿಯೇ ತಳ್ಳಿದ್ದು, ಸಾಹುಕಾರರ ಗೆಲ್ಲುವ ಪಾಲು ಶೇ 60 ಅಂತ ಹಿಡಿದರೆ ನಷ್ಟ 10 ಸಾವಿರ ದಾಟುತ್ತದೆ.

ಸಾಹುಕಾರ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮದೇ ಭಾಷೆಯಲ್ಲಿ ಹೇಳಿದರು: "ನೂರು ಕೆಜಿ ತೊಗರಿ ಮಿಲ್ಲಿಗೆ ಹಾಕಿದ್ರ ನೂರು ಕೆಜಿ ಬೇಳೆ ಬರಂಗಿಲ್ಲ. ಎಪ್ಪತ್ತರ ಆಸುಪಾಸು. ಚೀಲದ ತೂಕ ನೋಡಿ ಬೇಳೆ ರೇಟಿಗೆ ಖರೀದಿ ಮಾಡಿದಂಗಾತು ಇದು." ಇದಕ್ಕಿಂತ ಚೆನ್ನಾಗಿ ನಾನು ತರಗತಿಯಲ್ಲಿ ಹೇಳಿಲ್ಲ.

ಅವರಿಗೆ ಇನ್ನೂ ಜಾಸ್ತಿ ಚುಚ್ಚಿದ್ದು ಬೇರೆ ಎರಡು ಅಂಕಿಗಳು.

ಮೊದಲನೆಯದು ಯಜಮಾನರದು. ಶೇ 73 ಪಾಲು ಬೇಕು ಅಂದರೆ, ಎದುರಿನವರು ಕಣ್ಣುಮುಚ್ಚಿ ತಳ್ಳಿದರೂ ಸಾಹುಕಾರ ಹತ್ತರ ಜೋಡಿಯಿಂದ ಮೇಲಕ್ಕೆ ಮಾತ್ರ ಕಾಲ್ ಮಾಡಬಹುದು. ಒಂಬತ್ತರ ಜೋಡಿಗೂ ಸ್ವಲ್ಪದರಲ್ಲಿ ಸಾಲದು. ಹತ್ತು, ಗುಲಾಮ, ರಾಣಿ, ರಾಜ, ಎಕ್ಕ, ಐದು ಜೋಡಿ. ಒಂದೊಂದು ಜೋಡಿ ಬರುವ ಬಗೆ 6, ಒಟ್ಟು 30. ಎರಡೆಲೆ ಬರುವ ಬಗೆಗಳು ಒಟ್ಟು 1,326. ಅಂದರೆ ನೂರಕ್ಕೆ ಸುಮಾರು 98 ಸಲ ಸಾಹುಕಾರ ಎಲೆ ಬಿಡಲೇಬೇಕು. ಇದು ಗೊತ್ತಿದ್ದವರು ಆ ಕುರ್ಚಿಯಲ್ಲಿ ರಾಜ-ಏಳಕ್ಕಲ್ಲ, ಯಾವ ಎಲೆಗಾದರೂ ತಳ್ಳುತ್ತಾರೆ. ಸೋತರೂ ಅವರಿಗೆ 20,000 ಉಳಿಯುತ್ತದೆ, ಸಾಹುಕಾರ ಸೋತರೆ ಮನೆಗೆ. ತಿಂಗಳಾನುಗಟ್ಟಲೆ ನಮ್ಮ ಗುಂಪಿನ ನಗೆಪಾಟಲಾಗಿದ್ದ ಆ "ಹುಚ್ಚು ಯಜಮಾನ" ಸರಿಯಾಗಿಯೇ ಆಡಿದ್ದರು. ಎದುರಿನವರು ಲೆಕ್ಕ ತಪ್ಪುತ್ತಾರೆ ಅನ್ನುವುದೊಂದನ್ನು ಅವರು ಊಹಿಸಿರಲಿಲ್ಲ.

ಎರಡನೆಯದು ಆ ಹುಡುಗನದು. ಸಾಹುಕಾರ ಎಲೆ ಬಿಟ್ಟಿದ್ದರೆ ಹುಡುಗನ 10,000 ಚಿಪ್‌ನ ಬೆಲೆ ಸುಮಾರು 14,500 ರೂ. ಸಾಹುಕಾರ ಕಾಲ್ ಅಂದ ಕ್ಷಣಕ್ಕೆ, ಇನ್ನೂ ಒಂದು ಎಲೆ ಬೀಳುವ ಮುಂಚೆ, ಅದು ಸುಮಾರು 29,300 ಆಯಿತು. ದೊಡ್ಡವರಿಬ್ಬರು ಗುದ್ದಾಡಿದರೆ ಒಬ್ಬರು ಹೋಗುವ ಸಾಧ್ಯತೆ ಮೂರರಲ್ಲಿ ಒಂದಕ್ಕಿಂತ ಜಾಸ್ತಿ. ಹಾಗೆ ಹೋದರೆ ಹುಡುಗನಿಗೆ 40,000 ಗ್ಯಾರಂಟಿ. ಸಾಹುಕಾರರಿಗೆ ಈಗ ನೆನಪಾಯಿತು. ಯಜಮಾನರು ತಳ್ಳಿದಾಗ ಆ ಹುಡುಗ ನೀರಿನ ಬಾಟಲಿ ಬಾಯಿಗಿಟ್ಟವನು ಹಾಗೇ ನಿಲ್ಲಿಸಿ ಇವರನ್ನೇ ನೋಡುತ್ತಿದ್ದ. ಕಾಲ್ ಅಂದ ಮೇಲೆ ನಕ್ಕ. ಆಗ ಅದು ತನಗೆ ಬೆಂಬಲ ಅಂದುಕೊಂಡಿದ್ದರಂತೆ.

ಅತಿಗೆ ಹೋದದ್ದು

ಗೊತ್ತಾದ ಮೇಲೆ ಎಲ್ಲ ಸರಿಹೋಯಿತು ಅಂತ ಬರೆಯುವಂತಿಲ್ಲ. ಸಾಹುಕಾರ ಈಗ ಇನ್ನೊಂದು ತುದಿಗೆ ಹೋದರು. ಎಲ್ಲಿ ನೋಡಿದರೂ ಐಸಿಎಂ. ಮಾಳಿಗೆ ಮೇಲೆ ಹತ್ತು ಜನ ಇರುವಾಗ, ಆಟ ಈಗಷ್ಟೇ ಶುರುವಾಗಿರುವಾಗ, 5,000ದ ಪಾಟ್‌ಗೆ 1,000 ಹಾಕಬೇಕಾದಲ್ಲಿ ನಾಲ್ಕು ಆಟಿನ್ ಇಟ್ಟುಕೊಂಡು ಎಲೆ ಬಿಟ್ಟರು. "ಉಳಿದ್ರ ಸಾಕು" ಅನ್ನುವ ಮಂತ್ರ. ಒಂದೊಂದಾಗಿ ಬ್ಲೈಂಡ್ ಕಟ್ಟುತ್ತಾ ಸವೆದರು. ಕೊನೆಗೆ ನಾಲ್ಕು ಜನ ಉಳಿಯುವಾಗ ಆ ಹುಡುಗನ ಸ್ಥಿತಿಯಲ್ಲೇ ಬಂದು ನಿಲ್ಲುತ್ತಿದ್ದರು, ಅದೂ ಬಂದರೆ.

ಬಹುಮಾನ ದೂರ ಇರುವಾಗ ಚಿಪ್ ಮತ್ತು ರೂಪಾಯಿ ಹೆಚ್ಚುಕಡಿಮೆ ಜತೆಯಾಗಿಯೇ ನಡೆಯುತ್ತವೆ. ಆಗ ಚಿಪ್ ಲೆಕ್ಕವೇ ಸರಿ, 174 ಚಿಪ್ ಲಾಭ ಬಿಟ್ಟರೆ ಅದು ನಷ್ಟವೇ. ಇವೆರಡೂ ಬೇರೆಯಾಗುವುದು ಬಹುಮಾನದ ಹೊಸ್ತಿಲಲ್ಲಿ. ಪೋಕರ್ ಆಡುವವರು ಅದಕ್ಕೆ ಬಬಲ್ ಅನ್ನುತ್ತಾರೆ. ಅಲ್ಲೂ ಎಲ್ಲರಿಗೂ ಒಂದೇ ಥರ ಅಲ್ಲ. ದೊಡ್ಡ ಗುಡ್ಡೆಯವರಿಗೆ ಹೆದರಿಕೆ ಕಡಿಮೆ. ಹತ್ತು ಸಾವಿರದ ಹುಡುಗನಿಗೆ ಕಳೆದುಕೊಳ್ಳಲು ಹೆಚ್ಚೇನೂ ಇಲ್ಲ. ಜಾಸ್ತಿ ಹಿಂಡುವುದು ನಡುವಿನವರನ್ನೇ.

ಇದನ್ನು ಬಾಯಲ್ಲಿ ಹೇಳಿ ಪ್ರಯೋಜನ ಆಗಲಿಲ್ಲ. ಕೊನೆಗೆ ಕೆಲಸ ಮಾಡಿದ್ದು ಒಂದು ಅಭ್ಯಾಸ. ಭಾನುವಾರದ ಆಟ ಮುಗಿದ ಮೇಲೆ ನಾಲ್ಕು ಜನ ಕೂರುವುದು. ಗೋವಾದ ಅದೇ ಚಿಪ್ ಹಂಚಿಕೆ: 80, 60, 50, 10. ಬಹುಮಾನದ ಬದಲು ಅಂಕ: 5, 3, 2, ಸೊನ್ನೆ. ಅಲ್ಲಿಂದ ಆಟ ಶುರು, ಯಾರಾದರೂ ಒಬ್ಬರು ಹೊರಗೆ ಹೋಗುವವರೆಗೆ. ಆಮೇಲೆ ಕುರ್ಚಿ ಬದಲು. ಆಗ ಉಳಿದ ಮೂವರ ಪಾಲನ್ನು ಐಸಿಎಂ ಪ್ರಕಾರ ಅಂಕಕ್ಕೆ ತಿರುಗಿಸಿ ಬರೆಯುತ್ತಿದ್ದೆ.

ಸಾಹುಕಾರರಿಗೆ ಬುದ್ಧಿ ಕಲಿಸಿದ್ದು 80ರ ಕುರ್ಚಿ. ಅಲ್ಲಿ ಕೂತು ಅವರು ಮೊದಲ ಸಲ ಎಲೆಯೇ ಇಲ್ಲದೆ ತಳ್ಳಿದರು, ಮೂರು ಮತ್ತು ಎಂಟು ಇಟ್ಟುಕೊಂಡು. 60ರ ಕುರ್ಚಿಯಲ್ಲಿದ್ದ ಗೆಳೆಯರು ಬಹಳ ಹೊತ್ತು ಯೋಚಿಸಿ ಎಂಟರ ಜೋಡಿ ತೋರಿಸಿ ಕೆಳಗಿಟ್ಟರು. ಸಾಹುಕಾರ ಎದ್ದುನಿಂತು ಕೈ ಜೋಡಿಸಿದರು. ಯಾರಿಗೆ ಅಂತ ಹೇಳಲಿಲ್ಲ, ನನ್ನ ಅಂದಾಜು ಹೈದರಾಬಾದಿನ ಯಜಮಾನರಿಗೆ.

ಮೇಜಿನಲ್ಲಿ ಕೂತು ಯಾರಿಗೂ ಪೂರ್ತಿ ಐಸಿಎಂ ಲೆಕ್ಕ ಬಾಯಲ್ಲಿ ಬರುವುದಿಲ್ಲ. ಸಾಹುಕಾರ ಈಗ ಮಾಡುವುದು ಬೇರೆ. ಮನೆಯಲ್ಲೇ ಬೇರೆಬೇರೆ ಹಂಚಿಕೆಗಳಿಗೆ ಬೇಕಾದ ಶೇಕಡಾ ಲೆಕ್ಕ ಹಾಕಿ, ಕೆಂಪು ಪುಸ್ತಕದ ಹಿಂದಿನ ಪುಟಗಳಲ್ಲಿ ಬರೆದಿದ್ದಾರೆ. ಆಟದಲ್ಲಿ ಎರಡು ಮಾತು ಕೇಳಿಕೊಳ್ಳುತ್ತಾರೆ. ಈ ಕೈ ಸೋತರೆ ನಾನು ಮನೆಗೆ ಹೋಗುತ್ತೇನಾ? ನನಗಿಂತ ಮುಂಚೆ ಹೋಗುವವರು ಯಾರಾದರೂ ಇದ್ದಾರಾ? ಎರಡಕ್ಕೂ ಹೌದು ಅಂತ ಬಂದರೆ ಚಿಪ್ ಲೆಕ್ಕದ ಶೇಕಡಾಕ್ಕೆ ಸುಮಾರು 15ರಿಂದ 25 ಸೇರಿಸುತ್ತಾರೆ. ಒರಟು ಲೆಕ್ಕ, ಆದರೆ ದಿಕ್ಕು ಸರಿ. ನೋಟ್‌ಬುಕ್ಕಿನ ಗೆದ್ದೆ-ಸೋತೆ ಕಾಲಂ ಹೋಗಿ, ಅಲ್ಲಿ ಉಳಿದವರ ಚಿಪ್ ಬರೆಯುವ ಕಾಲಂ ಬಂದಿದೆ.

ಮೂರನೇ ಕಾಲಂ

ಚಿಪ್ ಬೇರೆ, ಬಹುಮಾನದ ದುಡ್ಡು ಬೇರೆ ಅಂತ ಆದ ಮೇಲೆ ಮುಂದಿನ ಪ್ರಶ್ನೆಯನ್ನು ಸಾಹುಕಾರರೇ ಎತ್ತಿದರು: ಬಹುಮಾನದ ದುಡ್ಡು ಮತ್ತು ಜೇಬಿಗೆ ಬಂದ ದುಡ್ಡು ಒಂದೇನಾ? 1,00,000 ಗೆದ್ದೆ ಅಂತ ಊರೆಲ್ಲ ಹೇಳಿದ್ದರು. ಕೈಯಲ್ಲಿ ಉಳಿಯುವುದು ತೆರಿಗೆಯೆಲ್ಲ ಹೋದ ಮೇಲಿನದು. ಇಂಥ ಗೆಲುವಿಗೆ ಶೇ 30 ತೆರಿಗೆ, ಆ ತೆರಿಗೆಯ ಮೇಲೆ ಶೇ 4 ಸೆಸ್, ಸೇರಿ ಶೇ 31.2. ಉಳಿದದ್ದು 68,800. ಸೋತ ಟೂರ್ನಮೆಂಟುಗಳ ಪ್ರವೇಶ ಶುಲ್ಕವನ್ನು, ಡೀಸೆಲ್ಲನ್ನು, ಲಾಡ್ಜ್ ಖರ್ಚನ್ನು ಆ ಗೆಲುವಿನಲ್ಲಿ ಕಳೆದು ತೋರಿಸಲು ಕಾನೂನಿನಲ್ಲಿ ಅವಕಾಶವಿಲ್ಲ. ಅಂಗಡಿ ಲೆಕ್ಕ ನೋಡುವವರಿಗೆ ಇದು ಗೊತ್ತಿರಲಿಲ್ಲ ಅಂತೇನಲ್ಲ. ಆಟದ ಲೆಕ್ಕದೊಳಗೆ ತಂದಿರಲಿಲ್ಲ, ಅಷ್ಟೇ.

20 ಜನ ಸಮಬಲರಾದರೆ ಒಬ್ಬೊಬ್ಬರಿಗೆ ಸರಾಸರಿ ಬಹುಮಾನ 10,000. ಕೊಟ್ಟದ್ದು 11,000. ಅಲ್ಲಿಗೇ 1,000 ಹೋಯಿತು. ಸಾಹುಕಾರ ಇತರರಿಗಿಂತ ಶೇ 20 ಚೆನ್ನಾಗಿ ಆಡುತ್ತಾರೆ ಅನ್ನೋಣ, ಅದು ದೊಡ್ಡ ಮಾತೇ. ಸರಾಸರಿ 12,000. ತೆರಿಗೆ ಹೋಗಿ 8,256. ಪ್ರತಿ ಟೂರ್ನಮೆಂಟಿಗೆ 2,744 ರೂ. ನಷ್ಟ, ಇನ್ನೂ ಕಾರು ಸ್ಟಾರ್ಟ್ ಮಾಡಿಲ್ಲ. ಬರೀ ಪ್ರವೇಶ ಶುಲ್ಕ ವಾಪಸ್ ಬರಬೇಕಾದರೆ ತೆರಿಗೆಗೆ ಮುಂಚೆ ಸರಾಸರಿ 16,000 ಗೆಲ್ಲಬೇಕು. ಮೇಜಿನಲ್ಲಿರುವವರಿಗಿಂತ ಶೇ 60 ಮುಂದಿರಬೇಕು.

ಎಕ್ಕ-ಗುಲಾಮದ ಕೈಯಲ್ಲಿ ತಪ್ಪಿದ್ದು 7 ಸಾವಿರದ ಲೆಕ್ಕ. ಅದನ್ನು ಹುಡುಕಲು ಸಂಜೆಗಟ್ಟಲೆ ಕೂತೆವು. ಇದಕ್ಕೆ ಹತ್ತು ನಿಮಿಷ ಸಾಕಾಯಿತು. ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ದೊಡ್ಡ ತಿರುವು ಇದೇ. ಒಂದೊಂದು ಕೈಯನ್ನು ಸರಿಯಾಗಿ ಆಡುವ ಮುಂಚೆ, ಆ ಮೇಜಿಗೆ ಕೂರುವ ನಿರ್ಧಾರಕ್ಕೂ ಒಂದು ಇವಿ ಇದೆ. ಅದು ಇಷ್ಟು ಆಳಕ್ಕೆ ಮೈನಸ್ ಇರುವಾಗ ಬಬಲ್‌ನಲ್ಲಿ ಎಷ್ಟು ಜಾಣತನ ತೋರಿಸಿದರೂ ತುಂಬಿಬರುವುದು ಕಷ್ಟ.

ಸಾಹುಕಾರ ಆಟ ಬಿಡಲಿಲ್ಲ. ಬಿಡಬೇಕು ಅಂತ ನಾನೂ ಹೇಳಲಿಲ್ಲ. 20 ಜನರ ಟೂರ್ನಮೆಂಟಿಗಾಗಿ ಗೋವಾಕ್ಕೆ ಓಡುವುದು ನಿಂತಿತು. ಮನೆಯವರ ಜತೆ ಹೋದಾಗ ಒಂದು ಆಡುತ್ತಾರೆ, ಆ 11,000ವನ್ನು ಪ್ರವಾಸದ ಖರ್ಚಿನ ಸಾಲಿನಲ್ಲೇ ಬರೆಯುತ್ತಾರೆ. ಇತ್ತೀಚಿನ ಒಂದರಲ್ಲಿ ಐದು ಜನ ಇರುವಾಗ ಎಕ್ಕ-ರಾಣಿ ಬಿಟ್ಟರಂತೆ. ತಳ್ಳಿದವರು ಎಲೆ ತೋರಿಸಲಿಲ್ಲ. ಆಮೇಲೆ ನಾಲ್ಕನೆಯವರಾಗಿ ಹೊರಬಂದರು, ಬಹುಮಾನವಿಲ್ಲ. ಪುಸ್ತಕದಲ್ಲಿ ಆ ಕೈಯ ಮುಂದೆ ಚಿಪ್ ಹಂಚಿಕೆ ಬರೆದು, ಬೇಕಾದ ಶೇಕಡಾ ಬರೆದು, ಕೆಳಗೆ "ಸರಿ" ಅಂತ ಹಾಕಿದ್ದಾರೆ.

ಗುಂಪಿನಲ್ಲಿ ಒಂದು ಜಗಳ ಮಾತ್ರ ಬಗೆಹರಿದಿಲ್ಲ. ಐಸಿಎಂ ಮಾದರಿ ಎಲ್ಲರೂ ಸಮಬಲರು ಅಂತ ಹಿಡಿಯುತ್ತದೆ, ಮುಂದಿನ ಕೈಗೆ ಬ್ಲೈಂಡ್ ಯಾರದು ಅನ್ನುವುದನ್ನು ನೋಡುವುದೇ ಇಲ್ಲ. ಆ ಹುಡುಗನಿಗೆ ಮುಂದಿನ ಕೈಗೇ 4,000 ಕಟ್ಟಬೇಕಿತ್ತು, ಹಾಗಾಗಿ ಅವನ 14,500 ನಿಜಕ್ಕೂ ಅದಕ್ಕಿಂತ ಕಡಿಮೆ, ಸಾಹುಕಾರರ ಪಾಲು ಅಷ್ಟರಮಟ್ಟಿಗೆ ಜಾಸ್ತಿ, ಬೇಕಾದ ಪಾಲು 73ಕ್ಕಿಂತಲೂ ಮೇಲೆ ಅನ್ನುವುದು ನನ್ನ ವಾದ. ಹಾಗಾದರೆ ಆ ಹುಡುಗ ಎಲೆ ಬಿಟ್ಟದ್ದೇ ತಪ್ಪು, ಹತ್ತು ಸಾವಿರ ಪೂರ್ತಿ ಇರುವಾಗಲೇ ತಳ್ಳಬೇಕಿತ್ತು ಅನ್ನುವುದು ಸಾಹುಕಾರರದು. ಬರುವ ಭಾನುವಾರ 10ರ ಕುರ್ಚಿಗೆ ಅವರೇ ಕೂರುತ್ತಾರಂತೆ.